ಕೀ ಆನ್ ಮಾಡಿದಾಗ 89 ತೋರಿಸುವ ಪ್ರೆಷರ್ ಸೆನ್ಸರ್ ಕೆಟ್ಟಿದೆಯೇ?

ಪ್ರಶ್ನೆ: ನಮ್ಮ ಊರು ಚಿಕ್ಕಮಗಳೂರು. ನನ್ನದು 2016ರ ಡೀಸೆಲ್ ಎಸ್‌ಯುವಿ. ಮಗಳು ಮಂಗಳೂರಿನಲ್ಲಿ ಓದುತ್ತಿರುವುದರಿಂದ ಚಾರ್ಮಾಡಿ ಘಾಟಿಯಲ್ಲಿ ಆಗಾಗ ಓಡಾಟವಿದೆ. ಈ ಸಲದ ಮಳೆಗಾಲ ಕಳೆದ ಮೇಲೆ ಘಾಟಿ ಹತ್ತುವಾಗ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ಗಾಡಿ ಎಳೆಯುವುದೇ ಇಲ್ಲ. ಎರಡನೇ ಗೇರಿನಲ್ಲಿ ತೆವಳಿಕೊಂಡು ಕೊಟ್ಟಿಗೆಹಾರ ಸೇರಬೇಕು. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಊರೊಳಗೆ ಯಾವ ತೊಂದರೆಯೂ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0299 ಎಂಬ ಕೋಡ್ ಬಂತು. ‘ಪ್ರೆಷರ್ ಸೆನ್ಸರ್ ಹೋಗಿದೆ’ ಎಂದು ಹೊಸದು ಹಾಕಿದರು. ಮತ್ತೆ ಅದೇ ಕಥೆ. ಎಂಜಿನ್ ನಿಂತಿದ್ದು ಕೀ ಮಾತ್ರ ಆನ್ ಇರುವಾಗ ಸೆನ್ಸರ್ 89 ತೋರಿಸುತ್ತಿದೆ, 101 ಇರಬೇಕಿತ್ತು, ಹಾಗಾಗಿ ಈ ಸೆನ್ಸರೂ ಸರಿಯಿಲ್ಲ, ಇನ್ನೊಂದು ತರಿಸಬೇಕು ಎಂದು ಈಗ ಹೇಳುತ್ತಿದ್ದಾರೆ. ಹಳೆಯದನ್ನೇ ಹಾಕಿ ನೋಡಿದರೂ 89. ಏನು ಮಾಡಲಿ?

ಉತ್ತರ: ಮೂರನೆಯ ಸೆನ್ಸರ್‌ಗೆ ಹಣ ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ: ಹಳೆಯದೂ 89, ಹೊಸದೂ 89. ಎರಡು ಬೇರೆ ಬೇರೆ ಸೆನ್ಸರ್‌ಗಳು ಕೆಟ್ಟು, ಕೆಟ್ಟ ಮೇಲೂ ಒಂದೇ ಅಂಕಿಯನ್ನು ತೋರಿಸುವುದು ತೀರಾ ಅಪರೂಪ. ಅದಕ್ಕಿಂತ ಮುಖ್ಯವಾಗಿ, ಚಿಕ್ಕಮಗಳೂರಿನಲ್ಲಿ 89 ಕಿಲೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಎಂಬುದೇ ಸರಿಯಾದ ಅಂಕಿ. ಅಲ್ಲಿ 101 ತೋರಿಸಿದ್ದರೆ ಸೆನ್ಸರ್ ಮೇಲೆ ನನಗೂ ಅನುಮಾನ ಬರುತ್ತಿತ್ತು.

ನಿಮ್ಮ ಗಾಡಿಯ ಸೆನ್ಸರ್ ಇರುವುದು ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರ) ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ. ಅದರೊಳಗೆ ಸಿಲಿಕಾನ್‌ನ ತೆಳ್ಳನೆಯ ಪರದೆಯೊಂದಿದೆ. ಗಾಳಿ ಒತ್ತಿದಂತೆ ಪರದೆ ಬಾಗುತ್ತದೆ, ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆ ವೋಲ್ಟೇಜಿನ ರೂಪದಲ್ಲಿ ಎಂಜಿನ್ ಕಂಪ್ಯೂಟರ್‌ಗೆ ಹೋಗುತ್ತದೆ. ಪರದೆಯ ಹಿಂಬದಿಯಲ್ಲಿ ನಿರ್ವಾತವನ್ನು ಮುಚ್ಚಿಟ್ಟಿರುತ್ತಾರೆ. ಆದ್ದರಿಂದ ಅದು ಅಳೆಯುವುದು ಒಟ್ಟು ಒತ್ತಡವನ್ನು. ಟೈರ್ ಅಂಗಡಿಯ ಗೇಜ್ ಹೊರಗಿನ ಗಾಳಿಯನ್ನು ಸೊನ್ನೆಯೆಂದು ಎಣಿಸಿ ಅದರ ಮೇಲಿನದ್ದನ್ನಷ್ಟೇ ಹೇಳುತ್ತದೆ. ಈ ಸೆನ್ಸರ್ ಹಾಗಲ್ಲ. ಎಂಜಿನ್ ನಿಂತಿದ್ದಾಗ ಪೈಪಿನೊಳಗೆ ಇರುವುದು ಹೊರಗಿನದೇ ಗಾಳಿ. ಹಾಗಾಗಿ ಕೀ ಆನ್ ಮಾಡಿದ ಕೂಡಲೇ ಅದು ತೋರಿಸಬೇಕಾದದ್ದು ನೀವು ನಿಂತಿರುವ ಊರಿನ ವಾತಾವರಣದ ಒತ್ತಡವನ್ನು.

ದುರಸ್ತಿ ಕೈಪಿಡಿಗಳಲ್ಲಿ ಬರೆದಿರುವ 101 ಕಿಲೋಪಾಸ್ಕಲ್ ಸಮುದ್ರಮಟ್ಟದ್ದು. ಮಂಗಳೂರಿನ ಗ್ಯಾರೇಜಿಗೆ ಅದು ಸರಿ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ನಮ್ಮ ಎತ್ತರಗಳಲ್ಲಿ ಪ್ರತಿ 100 ಮೀಟರ್ ಏರಿಕೆಗೆ ಒತ್ತಡ 1.1 ಕಿಲೋಪಾಸ್ಕಲ್‌ನಷ್ಟು ಇಳಿಯುತ್ತದೆ ಎಂದು ಲೆಕ್ಕ ಹಿಡಿದರೆ ಸಾಕು. ಹಾಸನದಲ್ಲಿ 90ರ ಆಸುಪಾಸು, ಚಿಕ್ಕಮಗಳೂರಿನಲ್ಲಿ 89, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 80, ಘಾಟಿ ಇಳಿದು ಉಜಿರೆ ಕಡೆಗೆ ಬಂದರೆ 100ರ ಹತ್ತಿರ. ಹವಾಮಾನದಿಂದ ಆಗುವ ಏರಿಳಿತ ಇದರ ಮುಂದೆ ಅತ್ಯಲ್ಪ. ಕೈಪಿಡಿ ಬರೆದವರಿಗೆ ಮಲೆನಾಡಿನ ಎತ್ತರ ಗೊತ್ತಿರುವುದಿಲ್ಲ, ಆದರೆ ಇಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಪ್ರತಿಯೊಂದು ಗ್ಯಾರೇಜಿನ ಗೋಡೆಯ ಮೇಲೆ ಆ ಊರಿನ ಒತ್ತಡದ ಅಂಕಿಯನ್ನು ಬರೆದಿಡಬೇಕು ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಆ ಒಂದು ಅಂಕಿ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಸೆನ್ಸರ್‌ಗಳು ಗುಜರಿಗೆ ಹೋಗುತ್ತಿವೆ.

ಇಲ್ಲಿ ಇನ್ನೊಂದು ಕಡೆ ಜನ ಎಡವುತ್ತಾರೆ. ಮೊಬೈಲಿನ ಹವಾಮಾನ ಆ್ಯಪ್ ತೆರೆದರೆ ಚಿಕ್ಕಮಗಳೂರಿಗೂ 1,010 ಅಥವಾ 1,012 ಹೆಕ್ಟೋಪಾಸ್ಕಲ್ ಎಂದು ತೋರಿಸುತ್ತದೆ, ಅಂದರೆ 101 ಕಿಲೋಪಾಸ್ಕಲ್. ಅದನ್ನು ನೋಡಿ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದುಕೊಳ್ಳಬಾರದು. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಅನುಕೂಲವಾಗಲಿ ಎಂದು ಹವಾಮಾನದವರು ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುತ್ತಾರೆ. ನಿಮ್ಮ ಅಂಗಳದ ಗಾಳಿಯ ನಿಜವಾದ ಒತ್ತಡ ಅದಲ್ಲ. ಕೆಲವು ಮೊಬೈಲ್‌ಗಳೊಳಗೇ ಬ್ಯಾರೋಮೀಟರ್ ಇರುತ್ತದೆ. ಅದರ ನೇರ ಅಳತೆಯನ್ನು ತೋರಿಸುವ ಆ್ಯಪ್ ಹಾಕಿಕೊಂಡರೆ 890ರ ಆಸುಪಾಸಿನ ಅಂಕಿ ಕಾಣುತ್ತದೆ. ಸ್ಕ್ಯಾನರ್‌ನಲ್ಲಿಯೂ ‘ಬ್ಯಾರೋಮೆಟ್ರಿಕ್ ಪ್ರೆಷರ್’ ಎಂಬ ಪ್ರತ್ಯೇಕ ಸಾಲು ಸಿಗಬಹುದು. ಹಲವು ಗಾಡಿಗಳಲ್ಲಿ ಆ ಅಳತೆಗೆ ಎಂಜಿನ್ ಕಂಪ್ಯೂಟರ್‌ನ ಪೆಟ್ಟಿಗೆಯೊಳಗೇ ಬೇರೊಂದು ಸೆನ್ಸರ್ ಇಟ್ಟಿರುತ್ತಾರೆ. ಎಂಜಿನ್ ನಿಂತಿರುವಾಗ ಆ ಅಂಕಿ ಮತ್ತು ಗಾಳಿ ಪೈಪಿನ ಸೆನ್ಸರ್‌ನ ಅಂಕಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು ಮೂರರ ಅಂತರ ಇದ್ದರೆ ಚಿಂತೆಯಿಲ್ಲ. ಹತ್ತರ ಅಂತರ ಇದ್ದರೆ ಅವೆರಡರಲ್ಲಿ ಒಂದು ತಪ್ಪು ಹೇಳುತ್ತಿದೆ.

ಈಗ ಕೋಡ್ ವಿಚಾರಕ್ಕೆ ಬರುತ್ತೇನೆ. ಪಿ0299 ಎಂದರೆ ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್ ಒತ್ತಡವನ್ನು ಟರ್ಬೊ ಕೊಡುತ್ತಿಲ್ಲ ಎಂದು. ಸೆನ್ಸರ್ ಕೆಟ್ಟಿದೆ ಎಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಗಾಳಿ ಸಾಲದು ಎಂದು ಸೆನ್ಸರ್ ನಿಜವನ್ನೇ ಹೇಳಿತು, ಅದನ್ನೇ ಬಿಚ್ಚಿ ಎಸೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಸೆನ್ಸರ್‌ನ ಅಥವಾ ಅದರ ವೈರಿಂಗ್‌ನ ದೋಷಕ್ಕೆ ಬೇರೆಯೇ ಕೋಡ್‌ಗಳಿವೆ: ಸಂಕೇತ ತೀರಾ ಕಡಿಮೆಯಾದರೆ ಪಿ0107 ಅಥವಾ ಪಿ0237, ತೀರಾ ಹೆಚ್ಚಾದರೆ ಪಿ0108 ಅಥವಾ ಪಿ0238, ಅಂಕಿ ನಂಬುವಂತಿಲ್ಲದಿದ್ದರೆ ಪಿ0106. ಅವು ಯಾವುವೂ ನಿಮ್ಮ ಗಾಡಿಯಲ್ಲಿ ಬಂದಿಲ್ಲ.

ನೀವು ಹೇಳಿದ ಲಕ್ಷಣಗಳೂ ಇದನ್ನೇ ಹೇಳುತ್ತವೆ. ಊರೊಳಗೆ ನಿಧಾನಕ್ಕೆ ಓಡಿಸುವಾಗ ಟರ್ಬೊಗೆ ಹೆಚ್ಚು ಕೆಲಸವಿಲ್ಲ, ಪೈಪಿನಲ್ಲಿ ಒತ್ತಡವೂ ಇಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದಾಗ ನಿಮ್ಮಂತಹ ಗಾಡಿಯ ಒಟ್ಟು ಒತ್ತಡ ಸಾಮಾನ್ಯವಾಗಿ 200 ಕಿಲೋಪಾಸ್ಕಲ್ ದಾಟಬೇಕು. ಆಗ ಎಲ್ಲಿಯೋ ಗಾಳಿ ಸೋರಿದರೆ 120, 130ಕ್ಕೇ ನಿಂತುಬಿಡುತ್ತದೆ. ಕಂಪ್ಯೂಟರ್ ಕೆಲವು ಕ್ಷಣ ಕಾದು, ಎಂಜಿನ್ನಿಗೆ ಪೆಟ್ಟಾಗದಿರಲಿ ಎಂದು ಶಕ್ತಿಯನ್ನು ಕಡಿತಗೊಳಿಸಿ ದೀಪ ಹೊತ್ತಿಸುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆ ಕಡಿತ ತೆರವಾಗುತ್ತದೆ, ಮುಂದಿನ ಏರಿನಲ್ಲಿ ಮತ್ತೆ ಬೀಳುತ್ತದೆ. ಏರುವಾಗ ಹಿಂದೆ ಕರಿ ಹೊಗೆ ಬರುತ್ತದೆಯೇ, ಬಾನೆಟ್ ಕೆಳಗಿನಿಂದ ಸುಯ್ಯೆಂಬ ಸದ್ದು ಕೇಳಿಸುತ್ತದೆಯೇ ಎಂದು ಗಮನಿಸಿ. ಎರಡರಲ್ಲಿ ಒಂದಿದ್ದರೂ ನನ್ನ ಅನುಮಾನ ನೇರವಾಗಿ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳ ಮೇಲೆ.

ಹೋಸ್ ನೋಡುವುದಕ್ಕೂ ಒಂದು ಕ್ರಮವಿದೆ. ಮೇಲಿನಿಂದ ಟಾರ್ಚ್ ಬಿಟ್ಟು ‘ಚೆನ್ನಾಗಿದೆ’ ಎಂದುಬಿಟ್ಟರೆ ಪ್ರಯೋಜನವಿಲ್ಲ. ಎಂಜಿನ್ ತಣ್ಣಗಾದ ಮೇಲೆ ಇಂಟರ್‌ಕೂಲರ್‌ನ ಕೆಳತುದಿಯ ಹೋಸ್‌ನ ಅಡಿಭಾಗಕ್ಕೆ ಕೈ ಹಾಕಿ ಬೆರಳಿನಿಂದ ಸವರಬೇಕು. ಕಣ್ಣಿಗೆ ಕಾಣದ ಆ ಬದಿಯಲ್ಲೇ, ಕ್ಲಿಪ್ಪಿನ ಅಂಚಿಗೆ ಒತ್ತಿಕೊಂಡು, ಉಗುರಿನಷ್ಟು ಉದ್ದದ ಸೀಳು ಸಿಗುವುದು ಹೆಚ್ಚು. ಸೀಳಿನ ಸುತ್ತ ಎಣ್ಣೆಯ ಪಸೆ ಇರುತ್ತದೆ, ಅದಕ್ಕೆ ತೋಟದ ರಸ್ತೆಯ ಕೆಂಧೂಳು ಮೆತ್ತಿ ಗಟ್ಟಿಯಾಗಿರುತ್ತದೆ. ಕೈಯಲ್ಲಿ ಹಿಡಿದಾಗ ಬಾಯಿ ಮುಚ್ಚಿಕೊಂಡಿರುವ ಆ ಸೀಳು ಒಳಗೆ ಒತ್ತಡ ಬಂದಾಗ ಮಾತ್ರ ತೆರೆಯುತ್ತದೆ. ಅನುಮಾನವಿದ್ದರೆ ಹೋಸನ್ನು ಬಿಚ್ಚಿ ಎರಡೂ ಕೈಯಲ್ಲಿ ತಿರುಚಿ ಬೆಳಕಿಗೆ ಹಿಡಿಯಿರಿ. ರಬ್ಬರಿನೊಳಗಿನ ನೂಲಿನ ಪದರ ಬಿಟ್ಟುಕೊಂಡಿದ್ದರೂ ಆ ಹೋಸ್ ಬದಲಾಯಿಸಬೇಕು. ಅಂಟು, ಟೇಪು ಸುತ್ತಿದರೆ ಮುಂದಿನ ಘಾಟಿಯವರೆಗೂ ಬಾಳುವುದಿಲ್ಲ.

ಕಣ್ಣಿಗೂ ಕೈಗೂ ಸಿಗದಿದ್ದರೆ ಗಾಳಿ ತುಂಬಿ ನೋಡಬೇಕು. ಎಂಜಿನ್ ನಿಲ್ಲಿಸಿ, ಟರ್ಬೊಗೆ ಗಾಳಿ ಹೋಗುವ ಬಾಯಿಗೆ ವಾಲ್ವ್ ಇರುವ ಮುಚ್ಚಳ ಹಾಕಿ, ಗೇಜ್ ನೋಡುತ್ತ ನಿಧಾನವಾಗಿ ಗಾಳಿ ಬಿಡುವುದು. ಸುಮಾರು 0.7 ಬಾರ್ ಸಾಕು, 1 ಬಾರ್ ಮೀರಬಾರದು. ಹೋಸ್‌ಗಳ ಮೇಲೂ ಕ್ಲಿಪ್‌ಗಳ ಸುತ್ತಲೂ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಅಂಚಿಗೂ ಸೋಪಿನ ನೀರು ಚಿಮುಕಿಸಿದರೆ ಸೋರುವ ಕಡೆ ನೊರೆ ಏಳುತ್ತದೆ. ಟೈರಿಗೆ ಹೊಡೆಯುವ ಗಾಳಿಯನ್ನು ನೇರವಾಗಿ ಬಿಟ್ಟರೆ ಹೋಸ್ ಸಿಡಿದು ಕೈಗೋ ಮುಖಕ್ಕೋ ಪೆಟ್ಟಾಗುತ್ತದೆ. ಹಾಗಾಗಿ ಇದನ್ನು ಮನೆಯಂಗಳದಲ್ಲಿ ಮಾಡಬೇಡಿ, ಕೆಲಸ ಬಲ್ಲ ಗ್ಯಾರೇಜಿನಲ್ಲಿ ನಿಂತು ಮಾಡಿಸಿ.

ಹೋಸ್‌ಗಳೆಲ್ಲ ಸರಿಯಿದ್ದರೆ ಮುಂದಿನ ಅನುಮಾನ ಟರ್ಬೊದ ಬೂಸ್ಟನ್ನು ಹತೋಟಿಯಲ್ಲಿಡುವ ಆಕ್ಚುಯೇಟರ್ ಮೇಲೆ. ಹಲವು ಗಾಡಿಗಳಲ್ಲಿ ಅದು ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳಿಂದ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ತೋಟದ ಮನೆಗಳ ಶೆಡ್ಡಿನಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುವ ಇಲಿಗಳಿಗೆ ಈ ಪೈಪುಗಳೆಂದರೆ ಬಲು ಇಷ್ಟ. ನಿಮ್ಮ ತೊಂದರೆ ಶುರುವಾದದ್ದು ಮಳೆಗಾಲದ ನಂತರ ಎಂದಿದ್ದೀರಿ. ಆದ್ದರಿಂದ ಈ ಪೈಪುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲಿ ಹಿಡಿದು ನೋಡಲೇಬೇಕು. ಕೈಪಂಪಿನಿಂದ ಆಕ್ಚುಯೇಟರ್‌ಗೆ ವ್ಯಾಕ್ಯೂಮ್ ಕೊಟ್ಟಾಗ ಅದರ ಕಡ್ಡಿ ತಡೆಯಿಲ್ಲದೆ ಸರಿಯಬೇಕು, ಒಂದು ನಿಮಿಷ ಹಾಗೆಯೇ ನಿಲ್ಲಬೇಕು. ಪಂಪಿನ ಗೇಜಿನ ಮುಳ್ಳು ತಾನಾಗಿ ಇಳಿದರೆ ಒಳಗಿನ ರಬ್ಬರ್ ಹರಿದಿದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದ್ದರೂ ಬೂಸ್ಟ್ ಬರುವುದಿಲ್ಲ. ಅದನ್ನು ತೆಗೆದು ನೋಡಲು ಎರಡು ನಿಮಿಷವೂ ಬೇಡ.

ಇಷ್ಟು ಹೇಳಿದ ಮೇಲೆ ಸೆನ್ಸರ್ ಪರವಾಗಿಯೇ ವಾದ ಮಾಡಿದೆ ಎಂದು ಅನ್ನಿಸಬಾರದು. ಎಂಜಿನ್ ನಿಂತಿದ್ದಾಗ ಸರಿಯಾದ ಅಂಕಿ ತೋರಿಸಿ, ಏರಿನಲ್ಲಿ ಮಾತ್ರ ಕಡಿಮೆ ಹೇಳುವ ಸಂದರ್ಭವೂ ಒಂದಿದೆ. ಡೀಸೆಲ್ ಎಂಜಿನ್ನಿನಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮೂಲಕ ಹಿಂದಕ್ಕೆ ಬರುವ ಹೊಗೆಯ ಮಸಿ, ಎಣ್ಣೆಯ ಆವಿಯೊಂದಿಗೆ ಸೇರಿ, ಸೆನ್ಸರ್ ಕೂರುವ ರಂಧ್ರದಲ್ಲಿ ಟಾರಿನಂತೆ ಗಟ್ಟಿಯಾಗುತ್ತದೆ. ಗಾಳಿ ಅದರ ಮೂಲಕ ನಿಧಾನವಾಗಿ ನುಸುಳುವುದರಿಂದ ನಿಂತ ಗಾಡಿಯಲ್ಲಿ ಅಂಕಿ ಸರಿಯಾಗಿರುತ್ತದೆ, ಆದರೆ ಒತ್ತಡ ಥಟ್ಟನೆ ಏರಿದಾಗ ಸೆನ್ಸರ್‌ಗೆ ಅದು ಮುಟ್ಟುವುದೇ ಇಲ್ಲ. ಇಲ್ಲಿಯೇ ಎಚ್ಚರ ಬೇಕು: ಹೊಸ ಸೆನ್ಸರ್ ಹಾಕುವಾಗ ಹಳೆಯದನ್ನು ಬಿಚ್ಚಿ ಹೊಸದನ್ನು ಅದೇ ಮಸಿ ತುಂಬಿದ ರಂಧ್ರಕ್ಕೆ ಸಿಕ್ಕಿಸಿದರೆ ಹೊಸದೂ ಹಾಗೆಯೇ ಹೇಳುತ್ತದೆ. ಆದ್ದರಿಂದ ಸೆನ್ಸರ್ ತೆಗೆಸಿ ಆ ರಂಧ್ರವನ್ನು ನೀವೇ ಕಣ್ಣಾರೆ ನೋಡಿ. ಸೆನ್ಸರ್‌ನ ಮೂತಿಗೆ ಎಲೆಕ್ಟ್ರಾನಿಕ್ ಭಾಗಗಳನ್ನು ತೊಳೆಯುವ ಸ್ಪ್ರೇ ಮಾತ್ರ ಹೊಡೆದು ಒಣಗಲು ಬಿಡಬೇಕು. ಪಿನ್ನು, ಕಡ್ಡಿ ಹಾಕಿ ಕೆದಕಿದರೆ ಒಳಗಿನ ಪರದೆ ಹರಿಯುತ್ತದೆ. ಪೆಟ್ರೋಲ್, ಕಾರ್ಬ್ಯುರೇಟರ್ ಕ್ಲೀನರ್ ಕೂಡದು. ಮತ್ತೆ ಕೂರಿಸುವಾಗ ಅದರ ಓ-ರಿಂಗ್ ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲ್ಲಿ ಸೋರಿದರೂ ಬೂಸ್ಟ್ ಹೋಗುತ್ತದೆ.

ವೈರಿಂಗ್‌ನ ಪರೀಕ್ಷೆಗೆ ಮಲ್ಟಿಮೀಟರ್ ಒಂದಿದ್ದರೆ ಸಾಕು. ಸೆನ್ಸರ್‌ನ ಕಪ್ಲರ್‌ನಲ್ಲಿ ಮೂರು ವೈರ್ ಇರುತ್ತವೆ: 5 ವೋಲ್ಟ್ ಪೂರೈಕೆ, ಅರ್ಥ್, ಸಂಕೇತ. ಗಾಳಿಯ ಉಷ್ಣತೆಯನ್ನೂ ಅದೇ ಸೆನ್ಸರ್ ಅಳೆಯುವಂತಿದ್ದರೆ ನಾಲ್ಕನೆಯದೂ ಇರುತ್ತದೆ. ಕಪ್ಲರ್ ಬಿಚ್ಚಿ ಕೀ ಆನ್ ಮಾಡಿದಾಗ ಪೂರೈಕೆ ವೈರಿನಲ್ಲಿ 5 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಸೆನ್ಸರ್ ಬಿಟ್ಟು ಬೇರೆ ಕಡೆ ನೋಡಿ, ಏಕೆಂದರೆ ಅದೇ 5 ವೋಲ್ಟ್ ಇನ್ನೂ ಒಂದೆರಡು ಸೆನ್ಸರ್‌ಗಳಿಗೆ ಹಂಚಿಹೋಗಿರಬಹುದು. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲದರ ವೋಲ್ಟೇಜ್ ಕುಸಿಯುತ್ತದೆ. ಒಂದೊಂದಾಗಿ ಅವುಗಳ ಕಪ್ಲರ್ ಬಿಚ್ಚುತ್ತ ಹೋದರೆ ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ಅಲ್ಲಿಯೇ ದೋಷ. ಕಪ್ಲರ್ ಜೋಡಿಸಿದ ಮೇಲೆ ಅದರ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ಸಂಕೇತದ ವೈರನ್ನು ಅಳೆದರೆ, ಕೀ ಆನ್ ಇದ್ದು ಎಂಜಿನ್ ನಿಂತಿರುವಾಗ, 250 ಅಥವಾ 300 ಕಿಲೋಪಾಸ್ಕಲ್‌ವರೆಗೆ ಅಳೆಯುವ ಸೆನ್ಸರ್ ಚಿಕ್ಕಮಗಳೂರಿನಲ್ಲಿ ಸುಮಾರು 1.4ರಿಂದ 1.7 ವೋಲ್ಟ್ ಕೊಡುತ್ತದೆ. ವೈರಿನ ಹೊದಿಕೆಯನ್ನು ಮಾತ್ರ ಸೂಜಿಯಿಂದ ಚುಚ್ಚಬಾರದು. ನಮ್ಮ ಮಳೆಯಲ್ಲಿ ಆ ತೂತಿನಿಂದ ನೀರಿಳಿದು ಒಳಗಿನ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ಮುಂದಿನ ವರ್ಷ ಯಾರೂ ಪತ್ತೆ ಹಚ್ಚಲಾಗದ ತೊಂದರೆಯೊಂದು ಹುಟ್ಟುತ್ತದೆ. ಕಪ್ಲರ್‌ನ ಪಿನ್‌ಗಳಲ್ಲಿಯೂ ಅದೇ ಕಿಲುಬು ಇದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ ವೈರನ್ನು ಮೆಲ್ಲಗೆ ಅಲುಗಾಡಿಸಿದರೆ ಅಂಕಿ ನೆಗೆಯುತ್ತದೆಯೇ ಎಂಬುದನ್ನೂ ಗಮನಿಸಿ.

ಪೆಟ್ರೋಲ್ ಗಾಡಿಗಳಲ್ಲಿ ಕೈ ಪಳಗಿದವರು ಡೀಸೆಲ್‌ನಲ್ಲಿ ಮಾಡುವ ತಪ್ಪೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಇದ್ದಾಗ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ಒತ್ತಡ 30, 40ಕ್ಕೆ ಇಳಿಯುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹಾಗೆ ತಡೆದು ಓಡುವುದಿಲ್ಲ. ಅದು ಐಡ್ಲಿಂಗ್‌ನಲ್ಲಿಯೂ 90ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸ್ಟಾರ್ಟ್ ಮಾಡಿದರೂ ಅಂಕಿ ಇಳಿಯಲಿಲ್ಲ, ಸೆನ್ಸರ್ ಸ್ತಬ್ಧವಾಗಿದೆ ಎಂಬ ತೀರ್ಮಾನ ಡೀಸೆಲ್‌ಗೆ ಸಲ್ಲದು.

ನಿಮ್ಮ ಗಾಡಿಗೆ ಸಂಬಂಧಿಸಿದ್ದಲ್ಲವಾದರೂ ಒಂದು ಮಾತನ್ನು ಒತ್ತಿ ಹೇಳಬೇಕು. ‘ಪ್ರೆಷರ್ ಸೆನ್ಸರ್’ ಎಂದು ನಮ್ಮಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ. ಡೀಸೆಲ್ ರೈಲಿನ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯ) ಒತ್ತಡ ಅಳೆಯುವುದೂ ಅದೇ, ಆಯಿಲ್ ಪ್ರೆಷರ್ ಸ್ವಿಚ್ಚೂ ಅದೇ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಹತ್ತಿದರೆ ‘ಸೆನ್ಸರ್ ಇರಬೇಕು’ ಎಂದುಕೊಂಡು ಒಂದು ಕಿಲೋಮೀಟರ್ ಸಹ ಓಡಿಸಬೇಡಿ. ಅಲ್ಲಿಯೇ ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಗಾಡಿಯನ್ನು ಎಳೆಸಿಕೊಂಡು ಹೋಗಿ. ಸ್ವಿಚ್ ಬಿಚ್ಚಿದ ಜಾಗಕ್ಕೆ ಗೇಜ್ ಜೋಡಿಸಿ ನಿಜವಾದ ಒತ್ತಡ ನೋಡಿದ ಮೇಲಷ್ಟೇ ಸ್ವಿಚ್ಚನ್ನು ದೂರಬಹುದು. ಡೀಸೆಲ್ ರೈಲಿನ ಸೆನ್ಸರ್‌ಗೆ ಮನೆಯಲ್ಲಿ ಕೈ ಹಾಕಲೇಬಾರದು. ಅಲ್ಲಿ 1,000 ಬಾರ್ ಮೀರಿದ ಒತ್ತಡವಿರುತ್ತದೆ; ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಗ್ಯಾರೇಜಿನವರೊಡನೆ ಜಗಳ ಬೇಡ. ಚಿಕ್ಕಮಗಳೂರಿನ ಒತ್ತಡ 89 ಎಂಬುದನ್ನು ಅಲ್ಲಿಯೇ ನಿಂತಿರುವ ಇನ್ನೊಂದು ಒಳ್ಳೆಯ ಗಾಡಿಗೆ ಸ್ಕ್ಯಾನರ್ ಹಾಕಿ ತೋರಿಸಿ; ಅದೂ 89 ತೋರಿಸುತ್ತದೆ. ಆಮೇಲೆ ಹೋಸ್, ಕ್ಲಿಪ್, ವ್ಯಾಕ್ಯೂಮ್ ಪೈಪು, ಸೆನ್ಸರ್‌ನ ರಂಧ್ರ ಇವಿಷ್ಟನ್ನು ನೋಡಿಸಿ, ಸಿಕ್ಕಿದ್ದನ್ನು ಸರಿಪಡಿಸಿ, ಕೋಡ್ ಅಳಿಸಿ. ಗಾಡಿಯ ಸ್ಕ್ಯಾನರ್ ಸಾಕೆಟ್‌ಗೆ ಸಿಕ್ಕಿಸಿ ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸುವ ಓಬಿಡಿ ಅಡಾಪ್ಟರ್ ಒಂದನ್ನು ಹಾಕಿಕೊಂಡು ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಪಕ್ಕದಲ್ಲಿ ಕುಳಿತವರಿಗೆ ಮೊಬೈಲ್ ಕೊಡಿ. ಓಡಿಸುತ್ತ ನೀವೇ ನೋಡಬೇಡಿ, ಚಾರ್ಮಾಡಿ ಅದಕ್ಕೆ ತಕ್ಕ ರಸ್ತೆಯಲ್ಲ. ಘಾಟಿ ಇಳಿದ ಮೇಲೆ ಒಂದು ಕಡೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಟ್ಟು ಅಂಕಿ ಬರೆದುಕೊಳ್ಳಿ. ಮೇಲೆ 89 ಇದ್ದದ್ದು ಅಲ್ಲಿ 100ರ ಹತ್ತಿರ ಬಂದಿದ್ದರೆ ಸೆನ್ಸರ್ ಎರಡು ಎತ್ತರಗಳಲ್ಲಿ ಪರೀಕ್ಷೆ ಪಾಸಾದಂತೆ. ಬಯಲುಸೀಮೆಯ ಗ್ಯಾರೇಜಿನವರಿಗೆ ಕೈಪಂಪ್ ಇಲ್ಲದೆ ಇಂತಹ ಪರೀಕ್ಷೆ ಸಾಧ್ಯವಿಲ್ಲ, ನಿಮಗೆ ಅದನ್ನು ಘಾಟಿಯೇ ಮಾಡಿಕೊಡುತ್ತದೆ.

ವಾಪಸ್ ಬರುವಾಗ ಏರಿನಲ್ಲಿ ಮೂರನೇ ಗೇರಿನಲ್ಲಿ, ಎದುರಿನಿಂದ ವಾಹನವಿಲ್ಲದ ನೇರ ದಾರಿಯಲ್ಲಿ, ಕೆಲವು ಸೆಕೆಂಡ್ ಪೂರ್ತಿ ತುಳಿಯಿರಿ. ಅಂಕಿ ಸರಾಗವಾಗಿ 200ರ ಮೇಲೆ ಹೋಗಿ, ಕಾಲು ತೆಗೆದ ಕೂಡಲೇ ಇಳಿದರೆ ಕೆಲಸ ಮುಗಿಯಿತು. ಹಳೆಯ ಸೆನ್ಸರನ್ನು ಒರೆಸಿ ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಅದು ಇನ್ನೂ ಒಳ್ಳೆಯ ಸ್ಥಿತಿಯಲ್ಲಿದೆ. 130ರ ಮೇಲೆ ಹೋಗದಿದ್ದರೆ ಸೋರಿಕೆಯನ್ನೋ ಆಕ್ಚುಯೇಟರನ್ನೋ ಇನ್ನೂ ಹುಡುಕಬೇಕು, ಅದೂ ಇಲ್ಲದಿದ್ದರೆ ಟರ್ಬೊವನ್ನೇ ಬಿಚ್ಚಿ ನೋಡಬೇಕಾಗುತ್ತದೆ. ಅಂಕಿ ಒಮ್ಮೆಲೇ ಸೊನ್ನೆಗೋ ತುದಿಗೋ ಹಾರಿದರೆ ವೈರಿಂಗ್‌ಗೆ ಮರಳಿ. ಈ ಮೂರರಲ್ಲಿ ಯಾವುದು ಆಯಿತೆಂದು, ಬರೆದುಕೊಂಡ ಅಂಕಿಗಳ ಸಮೇತ ನನಗೆ ತಿಳಿಸಿ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಹೇಳುತ್ತೇನೆ.